ಹೊಳಪಿನ ಮೇಲೆ

ಮೂರನೆಯ ಸಲವೂ ಕಳಚಿ ಬಂತು.
ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲೆ ಮಲಗಿಸಿ ತಂದಿದ್ದಾಳೆ,
ನುಚ್ಚಕ್ಕಿಯಷ್ಟು ಉಕ್ಕು.
"ತಗೋ ಡಕ್, ನಿನ್ನ ಬ್ರಾಕೆಟ್ಟು."
ಸ್ಟೋಕ್‌ನಲ್ಲಿ ಅಕ್ಕರೆ ಬಂದರೆ ಯಾರಾದರೂ ಸರಿ, ಬಾತುಕೋಳಿ.

ಬೆರಿಲ್. ಅರವತ್ತೊಂದು ವರ್ಷ.
ಬರೆದರೆ ಕೋಲ್‌ಕ್ಲಫ್, ಕರೆದರೆ ಕೋಕ್ಲಿ.
ನಾನು ಬರೆದರೆ ಮಂದಾಕಿನಿ, ಕರೆದರೆ ಮ್ಯಾಂಡಿ.
ಅಷ್ಟರಮಟ್ಟಿಗೆ ಸರಿಸಮ.

ಉಳಿದ ಹಲ್ಲುಗಳೇನೂ ತಕರಾರಿಲ್ಲ.
ಅರ್ಧ ನಿಮಿಷ ಹುಳಿ ಸವರಿದರೆ ಸಾಕು
ಹಲಸಿನ ಮೇಣದ ಹಾಗೆ ಹಿಡಿಯುತ್ತವೆ.
ಇದೊಂದು ಮಾತ್ರ, ಮೇಲ್ಸಾಲಿನ ಮುಂಬಲ್ಲು,
ಹಲ್ಲಲ್ಲ.
ಹತ್ತೊಂಬತ್ತರಲ್ಲಿ ಬರ್ಸ್ಲಮ್ಮಿನ ಇಳಿಜಾರು, ಹಿಮ, ಸೈಕಲ್ಲು;
ಮುರಿದ ಮೋಟಿನ ಮೇಲೆ ಪಿಂಗಾಣಿ.
ನಮ್ಮ ಕಡೆ ಇದಕ್ಕೆ ಟೋಪಿ ಅಂತಾರೆ,
ಟೋಪಿ ಹಾಕೋದು ಅಂದರೆ ಮೋಸ ಮಾಡೋದು ಅಂತಲೂ ಇದೆ, ಎಂದೆ.
ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದು.
ನಲವತ್ತೆರಡು ವರ್ಷದ ಆ ಕೈ.

ಏನೂ ಅಂಟದಿರಲೆಂದೇ ಸುಟ್ಟ ಮೈ ಅದು.
ಚಹಾದ ಕಲೆ ಕೂರಬಾರದು, ನೀರು ಕೂಡ ಜಾರಬೇಕು.
ಅದಕ್ಕೆ ಹೋಗಿ
ಅಂಟು, ಅಂಟು ಎಂದು ಗೋಗರೆಯುವ ಕೆಲಸ ನನ್ನದು.

"ಆಸಿಡ್ಡು ಬೇರೆ ಹಾಕಬೇಕಾಗುತ್ತೆ."
"ಯಾವುದು?"
"ಹೈಡ್ರೋಫ್ಲೋರಿಕ್" ಎಂದೆ ಮೆಲ್ಲಗೆ, ಹೆದರಿಯಾಳೆಂದು.
ಒರಗಿದ್ದವಳು ಎದ್ದು ಕೂತಳು,
ಹಳೆಯ ಸಹಪಾಠಿಯ ಹೆಸರು ಕೇಳಿದವಳಂತೆ.

ಹದಿನಾರಕ್ಕೇ ಸೇರಿದ್ದಳಂತೆ, ತಟ್ಟೆಗಳಿಗೆ ಚಿನ್ನ ಬರೆಯುವ ಕಾರ್ಖಾನೆ.
ಹೊಳಪು ಉಳಿಯಬೇಕಾದಲ್ಲೆಲ್ಲ ಕುಂಚದಲ್ಲಿ ಕರಿ ಟಾರು,
ಆಮೇಲೆ ತಟ್ಟೆ ಆಸಿಡ್ಡಿಗೆ.
ಬೆತ್ತಲೆ ಬಿಟ್ಟ ಜಾಗವನ್ನು ಅದು ತಿನ್ನುತ್ತದೆ,
ತಿಂದಲ್ಲಿ ಬಳ್ಳಿ, ಹೂವು, ದೊರೆಮನೆಗಳ ಅಂಚು.
ಅದರ ಮೇಲೆ ಚಿನ್ನ.
ಚಿಕ್ಕಮ್ಮ ಹೆಟ್ಟಿಗೆ ಶುಕ್ರವಾರ ನಾಲ್ಕಕ್ಕೆ ಒಂದು ಹನಿ ಬಿತ್ತು, ಉಗುರಂಚಿಗೆ.
ಉರಿಯಲೇ ಇಲ್ಲ. ಒರೆಸಿಕೊಂಡು ಬಸ್ಸು ಹಿಡಿದಳು.
ಉರಿ ಎದ್ದದ್ದು ನಡುರಾತ್ರಿ, ಮೂಳೆಯೊಳಗಿನಿಂದ.
"ಗಾಜು ತಿನ್ನೋದು ಗಾಜಿಗೇ ನಿಲ್ಲಲ್ಲ, ಡಕ್.
ಟಾರು ಚೆನ್ನಾಗಿ ಬಳಿ."

ನನ್ನ ಟಾರು ನೀಲಿ ರಬ್ಬರು ಹಾಳೆ.
ಅವತ್ತು ಎರಡು ಸಲ ಅಂಚು ಒತ್ತಿ ನೋಡಿದೆ,
ಮೇಸ್ತ್ರಿ ಪಕ್ಕದಲ್ಲಿದ್ದಾಗ ಒತ್ತುವ ಹಾಗೆ.
ಮರಳು ಹೊಡೆದೆ, ಹಳದಿ ಜೆಲ್ಲು ಇಟ್ಟೆ,
ಬಾಯಿ ತೆರೆದೂ ಮಾತಿಲ್ಲದ ಎರಡು ನಿಮಿಷ.
ಕುರ್ಚಿಯ ತೋಳಿನ ಮೇಲೆ ಅವಳ ಬೆರಳು
ನನ್ನ ಗಡಿಯಾರಕ್ಕಿಂತ ನಿಧಾನವಾಗಿ, ಖಚಿತವಾಗಿ ಎಣಿಸುತ್ತಿತ್ತು.

ತೊಳೆದು, ಆರಿಸಿ, ಕನ್ನಡಿ ಹಿಡಿದೆ.
ಹೊಳಪು ಹೋಗಿ
ಒಡೆದ ಕಲ್ಲುಸಕ್ಕರೆಯ ಒಳಮೈ.
ಅವಳು ಹೆಬ್ಬೆರಳೆತ್ತಿದಳು.

ಆಮೇಲೆ ಸೈಲೇನ್, ಒಂದೇ ಪದರ.
ಒಂದು ಕೈಲಿ ಗಾಜು, ಇನ್ನೊಂದರಲ್ಲಿ ಅಂಟು ಹಿಡಿದು
ನೆಂಟಸ್ತಿಕೆ ಕುದುರಿಸುವ ಸೋದರತ್ತೆ,
ಕೂಡಿಸಿ ತಾನು ಕಾಣದೆ ಹೋಗುವವಳು.
ಬ್ರಾಕೆಟ್ಟು. ನೀಲಿ ಬೆಳಕು. ಇಪ್ಪತ್ತು ಸೆಕೆಂಡು.

ಶುರುಮಾಡುವ ಮೊದಲೇ ಹೇಳಿದ್ದೆ:
ಕೊನೆಗೆ ಕೀಳುವಾಗ ಬಿರಿಯಬಹುದು,
ಪಾಲಿಶ್ ಮಾಡಿದರೂ ಕುಲುಮೆಯ ಹೊಳಪು ಮರಳುವುದಿಲ್ಲ,
ಇಲ್ಲಿ ಸಹಿ ಹಾಕಿ.
ಹಾಕುತ್ತ ಅಂದಿದ್ದಳು,
"ಮೂವತ್ತು ವರ್ಷ ಹೊಳಪು ಕೆಡಿಸಿದ್ದೇನೆ, ಚಿನ್ನಕ್ಕಾಗಿ.
ನೀನು ಉಕ್ಕಿಗಾಗಿ ಕೆಡಿಸ್ತೀಯ.
ದರ ಬಿದ್ದಿದೆ, ಅಷ್ಟೆ."

ಈ ವಯಸ್ಸಿಗೆ ಯಾಕೆ ಎಂದು ನಾನು ಕೇಳಲಿಲ್ಲ.
ಕಡಲೆ ಸಿಕ್ಕಾಗ ಹಲ್ಲಿಲ್ಲ ಅನ್ನುವ ನಾಡಿನವಳು ನಾನು,
ಅವಳಿಗೆ ಈಗ ಸಿಕ್ಕಿದೆ ಕಡಲೆ.
ಏನೆಂದು ಅವಳಿಗೆ ಗೊತ್ತು.

ಹೊರಗೆ ಮಗಳು ಕಾರು ತರುವವರೆಗೆ ಚಹಾ ಕುಡಿದಳು.
ಮುಗಿಸಿ, ಈ ಊರಿನವರೆಲ್ಲ ಮಾಡುವಂತೆ,
ಮಗ್ಗು ತಲೆಕೆಳಗು ಮಾಡಿ ಬುಡದ ಮುದ್ರೆ ಹುಡುಕಿದಳು.
"ಹ್ಞೂಂ" ಎಂದಳು. ಇಟ್ಟಳು. ಹೋದಳು.

ಸಂಜೆ ಬಾಗಿಲು ಹಾಕುವಾಗ ನಾನೂ ತಿರುಗಿಸಿ ನೋಡಿದೆ.
ಮುದ್ರೆ ಇಲ್ಲ, ಊರಿಲ್ಲ, ಹೆಸರಿಲ್ಲ.
ಹೊಳಪಿನ ಮೇಲೆ ಹಳೆಯ ಬೆಲೆಚೀಟಿಯ ಅಂಟು,
ಎಷ್ಟು ವರ್ಷ ತೊಳೆದರೂ
ಒಂದು ಚೂರೂ ಬಿಟ್ಟಿಲ್ಲ.