ಮೂರಡಿ

ಹುಬ್ಬಳ್ಳಿ ಟೇಶನ್ನಿನ ಪಾರ್ಸಲ್ ಆಫೀಸಿನಾಗ
ರಾತ್ರಿ ಪಾಳಿ ನನ್ನದು.
ಬ್ಯಾಡಗಿ ಮೆಣಸಿನಕಾಯಿ ಚೀಲ ಒಟ್ಟಿದ ದಿನ
ತೂಕದ ಯಂತ್ರಕ್ಕೂ ಸೀನು ಬರತೈತಿ ಅಂತಾನ
ಹಮಾಲ ದಾವಲಸಾಬ.
ಎರಡರ ಗಾಡಿ ಹೋದ ಮ್ಯಾಲ ನಾಲ್ಕರ ತನಕ ಏನೂ ಇಲ್ಲ.
ಅಷ್ಟೊತ್ತು
ಗಾಜು ಒಡದ ಫೋನಿನಾಗ
ಕೊರಿಯಾದ ಒಬ್ಬ ಹೆಣಮಗಳು ಗಾಲ್ಫ್ ಆಡತಾಳ.
ಅಲ್ಲಿ ಸಂಜಿ ಬಿಸಲು. ಅಕಿ ನೆರಳು ಅಕಿಗಿಂತ ಉದ್ದ.

ಹಾನ್ ಸೊರಿನ್ ಅಂತ ಹೆಸರು.
ದಾವಲಸಾಬನ ಬಾಯಾಗ ಶರೀನಾ.
"ಬಾಯಾರ, ನಮ್ಮ ಶರೀನಾ ಎಷ್ಟನೇದಾಕಿ ಇವತ್ತ?"

ಹತ್ತೊಂಬತ್ತಕ್ಕ ಗೆದ್ದಾಕಿ.
ಗೆದ್ದವರು ಕೆರಿಗೆ ಜಿಗೀಬೇಕಂತ ಅಲ್ಲಿ, ಏನ ಪದ್ಧತಿನೋ!
ಉಟ್ಟ ಬಟ್ಟಿ ಮ್ಯಾಲೇ ಜಿಗದ್ಲು,
ತಲಿಯಿಂದ ನೀರು ಸೋರಕೋತ ನಕ್ಕಳು.
ಆ ನಗಿ ನಾ ಎಷ್ಟು ಸಲ ನೋಡೇನಿ, ಲೆಕ್ಕಿಲ್ಲ.
ಮರುವರ್ಷ ಮತ್ತೆರಡು. ಜಗತ್ತಿಗೆ ಏಳನೇದಾಕಿ.

ಆಮ್ಯಾಲ ಬಂತು ನೋಡ್ರಿ, ಮೂರಡಿ.
ಇನ್ನೂರೈವತ್ತು ಗಜ ಗಾಳ್ಯಾಗ ಹಾರಸಾಕಿಗೆ
ಕುಣಿ ಮುಂದಿನ ಮೂರಡಿ ದಾಟಸಾಕ ಬರವಲ್ದು.
ವಾಮನಗ ಮೂರು ಹೆಜ್ಜಿಗೆ ಲೋಕ ಮುಗೀತು,
ಇಕಿಗೆ ಮೂರಡಿ ಮುಗೀವಲ್ದು.
ಮಣಿಕಟ್ಟು ನಡಗೂದನ್ನ ಟಿವಿಯವರು
ನಿಧಾನ ಮಾಡಿ ಮಾಡಿ ತೋರಿಸಿದ್ರು,
ನಾಚಿಗಿಲ್ಲದವರು.

ಹನ್ನೊಂದು ಆಟ ಸಾಲಾಗಿ ಶುಕ್ರವಾರಕ್ಕ ಹೊರಗ.
ಶನಿವಾರಕ್ಕ ಉಳದವರಿಗಷ್ಟ ರೊಕ್ಕ.
ಏಳನೇದಾಕಿ ನಾಕನೂರಾ ಹನ್ನೆರಡಕ್ಕ ಇಳದ್ಲು.
ಟೊಪಗಿ ಮ್ಯಾಲಿನ ಬ್ಯಾಂಕಿನ ಹೆಸರೂ ಹೋತು.
ಈಗ ಬರೇ ಬಿಳಿ ಟೊಪಗಿ,
ಹೆಸರಿದ್ದಲ್ಲಿ ಹೊಲಿಗಿ ಬಿಚ್ಚಿದ ಸಣ್ಣ ಸಣ್ಣ ತೂತು.
ಇಷ್ಟು ಸಣ್ಣ ಫೋನಿನಾಗ ತೂತು ಕಾಣೂದಿಲ್ಲ.
ನನಗ ಕಾಣತಾವ.

ನಾನೂ ಆಡಿದಾಕಿ. ಬೆಟಗೇರಿ ಹಾಕಿ.
ರೇಲ್ವೆ ಟೀಮಿನಾಗ ಮೇರವಾಡೆ ಅಂದ್ರ
ಎದುರಿನ ಗೋಲಿಯವರು ಪ್ಯಾಡು ಎರಡು ಸಲ ಬಿಗೀತಿದ್ರು.
ಗೋರಖಪುರ, ಸೆಮಿಫೈನಲ್, ಪೆನಾಲ್ಟಿ.
ಏಳು ಗಜ.
ಸಾವಿರ ಸಲ ಹೊಡದದ್ದು.
ಸೀಟಿ ಊದಿದ್ರು, ಕೈ ಯಾರದೋ ಆತು.
ಚೆಂಡು ಕಂಬಕ್ಕ ಬಡದ ಆ ಸಪ್ಪಳ
ಈಗೂ ವ್ಯಾಗನ್ನು ಜೋಡಿಸುವಾಗ ಒಮ್ಮೊಮ್ಮೆ ಕೇಳತೈತಿ.
ಶಿಬಿರದ ಯಾದಿಯೊಳಗ ನನ್ನ ಹೆಸರು ಎರಡು ಸಲ ಹುಡಕಿದೆ.
ಕಣ್ಣು ಚಲೋ ಇದ್ವು ಆಗ.

"ಒಂದು ಎಳಿ ಹರದ್ರ ಮಗ್ಗ ಮಾರತಾರೇನ?"
ಅಂದಿದ್ಲು ಅವ್ವ, ಲಾಳಿ ನಿಲ್ಲಸದನ.
ಮುಂದ ಮಗ್ಗನೂ ಮಾರಿದಿವಿ. ಅದು ಬ್ಯಾರೆ ಮಾತು.

ಇಲ್ಲಿ ಶನಿವಾರ ಹತ್ತಿತ್ತು, ಅಲ್ಲಿನ್ನೂ ಶುಕ್ರವಾರ.
ಕಡೀ ಕುಣಿ. ಮೂರಡಿ. ಹಾಕಿದ್ರ ಉಳದ್ಲು.
ಈ ಸಲ ಕೈ ಬದಲಿಸಿ ಹಿಡದಾಳ, ಎಡಗೈ ಕೆಳಗ,
ಕಸಬರಿಗಿ ಹಿಡಿಯೂದು ಹೊಸದಾಗಿ ಕಲತವರಂಗ.
ಚೆಂಡು ಉಳ್ಳಿತು,
ಅಷ್ಟರಾಗ ಟಿವಿಯವರು ಮೊದಲನೇ ನಂಬರಿನಾಕಿ ಕಡೆ ಹೋದ್ರು.
ಮತ್ತ ನೆಟ್ವರ್ಕೂ ಹೋತು.
"ಏನಾತ್ರಿ?"
ಗೊತ್ತಿಲ್ಲೋ.

ನಾಲ್ಕರ ಗಾಡಿ. ಹದಿನೆಂಟು ನಗ, ಒಂದು ಮೋಟಾರಸೈಕಲ್ಲು,
ಬಾಯಿ ಹರದ ಲಿಂಬಿಕಾಯಿ ಬುಟ್ಟಿ.
ಸಹಿ, ಶಿಕ್ಕಾ, ಸಹಿ.
ಬೆಳಕು ಹರಿಯೂ ಹೊತ್ತಿಗೆ ಯಾದಿ ತಗದು ನೋಡಿದ್ರ
ಅರವತ್ತಮೂರನೇ ಸಾಲಿನಾಗ ಸೊರಿನ್.
ಉಳದಾಳ.
ಯಾರರ ಚಪ್ಪಾಳಿ ಹೊಡದ್ರೋ ಇಲ್ಲೋ, ನಾ ನೋಡಲಿಲ್ಲ.

ನೆಲದ ಮ್ಯಾಲ ಒಂದು ಲಿಂಬಿಕಾಯಿ ಉಳದಿತ್ತು.
ಛತ್ರಿ ತಿರವಿ ಹಿಡದು, ಎಡಗೈ ಕೆಳಗ,
ತೂಕದ ಯಂತ್ರದ ಕಾಲಸಂದಿಗೆ ಗುರಿ ಇಟ್ಟೆ.
ಮೊಣಕಾಲು ಕಟಕ್ ಅಂತು.
ತಪ್ಪಿತು.
ದಾವಲಸಾಬ ಬಗ್ಗಿ ತಂದು
ಒಂದು ಗೇಣು ಸನೇಕ ಇಟ್ಟ.

ಏ, ಮೊದಲಿದ್ದಲ್ಲೇ ಇಡೋ, ಅಂದೆ.