ಟವೆಲ್ಲಿನ ಕೆಳಗ

ಮೂವತ್ತೊಂದು ವರ್ಷ ಕಲಬುರಗಿ ಗಂಜಿನ್ಯಾಗ ತೊಗರಿ ನೋಡೀನಿ.
ಚೀಲಕ್ಕ ಪರಖಿ ಚುಚ್ಚಿ ಒಂದು ಹಿಡಿ ತೆಗೆದು
ಒಂದು ಕಾಳು ಹಲ್ಲಿನ್ಯಾಗಿಟ್ಟು ಕಟಕ್ ಅನಿಸಿದ್ರ
ಹಸಿ ಎಷ್ಟು, ಹುಳ ಎಷ್ಟು, ಮಣ್ಣು ಎಷ್ಟು,
ಸೇಠ ಕೇಳೂದು ಯಂತ್ರಕ್ಕಲ್ಲ, ನಂಗ.
ಕಾಶಿರಾಯ ಮುನೀಮ ಮೋಸ ಹೋದ ಅಂತ
ಊರಾಗ ಯಾರೂ ಹೇಳಂಗಿಲ್ಲ.
ಹೇಳ್ತಿದ್ದಿಲ್ಲ.

ಹೋಗಿದ್ದು ರಿಂಗ್ ರೋಡಿಗೆ, ಬಿಳಿ ಆಲ್ಟೋ ನೋಡ್ಲಿಕ್ಕ.
ಅಳಿಯ ಶರಣು ಪಕ್ಕಾ ಮಾಡಿದ್ದ:
ಒಬ್ಬನೇ ಮಾಲಕ, ಮೈಲೇಜ್ ಇಪ್ಪತ್ತು,
ವಿಮಾ ಚಾಲೂ, ಎಸಿ ಥಂಡ.
ನೋಡ್ದೆ. ತಪ್ಪೇ ಇದ್ದಿಲ್ಲ ಅದರಾಗ.
ಫ್ರಿಜ್ಜಿನ ಬಾಗಿಲ ತೆಗೆದು ಮುಚ್ಚಿದಂಗಾತು.
ನಾಳಿಗಿ ಹೇಳ್ತೀನಿ ಅಂತಂದು
ಆಟೊ ಹತ್ತಿ ಬರಬೇಕಾದ್ರ
ಮಿಷನ್ ಕಂಪೌಂಡಿನ ಬೇವಿನ ಗಿಡದ ಕೆಳಗ
ಅಕಿ ನಿಂತಿದ್ಲು.

ಎಂಬತ್ತೆಂಟರ ಪದ್ಮಿನಿ.
ಫಟ್ಕಾ ಬ್ಯಾಳಿಯ ಬಣ್ಣ, ನಂಬರ್ ಒನ್ ಮಾಲಿಗೆ
ಎಣ್ಣಿ ಸವರಿ ಬಿಸಲಿಗಿಟ್ಟಾಗ ಬರ್ತದಲ್ಲ, ಅದು.
ಮೈತುಂಬ ಬೇವಿನ ಹೂ.
ಒಂದು ಹೆಡ್‌ಲೈಟು ಜರಾ ಮೆಳ್ಳಗಣ್ಣು.
"ನಿಲ್ಲಸಪಾ" ಅಂದೆ ಆಟೊದವಗ.
ಅಂದಾಂವ ನಾನೇನಾ, ಈಗೂ ಗೊತ್ತಿಲ್ಲ.

ಗಾಡಿ ಕರುಣಾ ದೇವಪುತ್ರ ಸಿಸ್ಟರಂದು,
ಚಿಂಚೋಳಿ ಕಡಿ ಹೆರಿಗಿ ಮಾಡಿಸಿ ರಿಟೈರಾದಾಕಿ.
ಕಣ್ಣಿನ ಆಪರೇಶನ್ ಆಗ್ಯದ, ಇನ್ನ ಓಡಸಂಗಿಲ್ಲ.
ನಾ ಐಬು ಹುಡುಕೂ ಮೊದಲೇ ತಾನೇ ಸುರುಮಾಡಿದ್ಲು:
"ಎಡಕ್ಕ ಹೊಳ್ಳಿದ್ರ ಹಾರ್ನ್ ತಾನೇ ಹೊಡಕೊಳ್ತದ.
ಮುಂದಿನ ಕಿಟಕಿ ಇಳಿಯಂಗಿಲ್ಲ,
ಹಿಂದಿಂದು ಏರಂಗಿಲ್ಲ.
ಮಳಿ ಬಂದ್ರ ಕಾಲಾಗ ನೀರು.
ಮೂರನೇ ಗೇರು ಬೈದ್ರ ಬೀಳಂಗಿಲ್ಲ,
ಸುಮ್ನ ಕೈ ಇಟ್ಟು ಕಾಯಬೇಕು,
ಚೊಚ್ಚಲ ಹೆರಿಗಿಗಿ ಕಾದಂಗ."

ಗಂಜಿನ್ಯಾಗ ಯಾರೂ ಹಿಂಗ ಮಾಲು ಮಾರಂಗಿಲ್ಲ.
ಚೀಲದ ಬಾಯಾಗ ಚಲೋದು, ತಳದಾಗ ಕಲ್ಲು.
ಈಕಿ ತಳಾನೇ ಮೊದಲು ಸುರುವಿಬಿಟ್ಲು.
ಇನ್ನ ನಾ ಏನ್ ಪರಖಿ ಚುಚ್ಚಲಿ?

ಕೀಲಿ ತಿರುವಿದೆ. ಕೆಮ್ಮಿತು, ಕೆಮ್ಮಿತು,
ಆಮ್ಯಾಲ ಹಿಡೀ ಮೈ ಒಂದು ಸಲ ಕೊಡವಿ
ಹೂ ಎಲ್ಲಾ ಉದುರಿಸಿ ಚಾಲೂ ಆತು.
ನಾ ನಕ್ಕೆ.
ವ್ಯಾಪಾರದಾಗ ನಗಬಾರ್ದು,
ಹುಡುಗರಿಗೆ ನಾನೇ ಕಲಿಸಿದ ಪಾಠ.

ಮೂರು ಅಂತ ಮನಸಿನ್ಯಾಗ ಇಟ್ಟಿದ್ದೆ. ಮೂವತ್ತು ಸಾವಿರ.
ಹೆಗಲ ಮ್ಯಾಲಿನ ಟವೆಲ್ ತೆಗೆದು, ರೂಢಿ ನೋಡ್ರಿ,
ಕೈ ಮ್ಯಾಲ ಹೊಚ್ಚಿ ಚಾಚಿದೆ,
ಗಂಜಿನ್ಯಾಗ ಬೆರಳು ಹಿಡದು ದರ ಹೇಳೂ ಹಂಗ.
ಸಿಸ್ಟರಿಗೆ ಅದೆಲ್ಲಿ ಗೊತ್ತು?
ಟವೆಲ್ಲಿನ ಕೆಳಗ ಕೈ ಹಾಕಿ
ನನ್ನ ಐದೂ ಬೆರಳು ಗಪ್ಪನ ಹಿಡದ್ಲು.
ನಾಡಿ ನೋಡೂ ಕೈ. ಬೆಚ್ಚಗಿತ್ತು.
"ಚಂದಂಗ ನೋಡ್ಕೋರಿ" ಅಂದ್ಲು.

ಐದು ಅಂದ್ರ ಐವತ್ತು.
ಟವೆಲ್ಲಿನ ಕೆಳಗಿನ ಮಾತು ಹಿಂದಕ್ಕ ತಗೊಳ್ಳಂಗಿಲ್ಲ,
ನಮ್ಮಪ್ಪನ ಕಾಲದಿಂದ ಇದೇ ಕಾನೂನು.
ಆಲ್ಟೋದ ಮುಂಗಡದಾಗಿಂದ ಎಣಿಸಿ ಕೊಟ್ಟೆ.
"ಇಷ್ಟ್ಯಾಕ್ರಿ?" ಅಂತ ಹತ್ತು ಸಾವಿರ
ವಾಪಸ್ ಕೊಡ್ಲಿಕ್ಕ ಬಂದ್ಲು; ನಾ ಒಲ್ಲೆ ಅಂದೆ.
ಈ ಮಾತು ಮನ್ಯಾಗ ಹೇಳಿಲ್ಲ.

ಗೌಸೋದ್ದೀನ್ ಮಿಸ್ತ್ರಿ ಬಾನೆಟ್ ಎತ್ತಿ
ಬಹಳೊತ್ತು ಸುಮ್ನ ನಿಂತು, "ಕಾಕಾ, ದುವಾ ಮಾಡ್ರಿ" ಅಂದ.
ಶರಣು ಫೋನ್ ಎತ್ತಂಗಿಲ್ಲ.
ಗಂಜಿನ ಹಮಾಲರು ಹಾರ್ನ್ ಕೇಳಿದ ಕೂಡ್ಲೆ
"ಮುನೀಮರು ಎಡಕ್ಕ ಹೊಳ್ಳಿದ್ರು" ಅಂತ ಚಹಾ ಇಡ್ತಾರ.
ಮಹಾನಂದಾ ಮೂರು ದಿನ ಮಾತು ಬಿಟ್ಟಿದ್ಲು.
ರೊಟ್ಟಿ ಮಾತ್ರ ಜೋರ್‌ಜೋರಾಗಿ ಬಡದ್ಲು.

ನಿನ್ನಿ ಗಾಡಿ ಚಾಲೂ ಆಗಲಿಲ್ಲ, ನಡಕೋತ ಹೋಗಿದ್ದೆ.
ಸಂಜಿಮುಂದ ಬಂದ್ರ ಅಡಗಿಮನ್ಯಾಗ ಯಾರೂ ಇಲ್ಲ.
ಹೊರಗ ನೋಡಿದ್ರ
ಪದ್ಮಿನಿಯ ಹಿಂದಿನ ಸೀಟಿನ್ಯಾಗ ಕಾಲು ಮಡಚಿ ಕುಂತು
ಪುಂಡಿಪಲ್ಯ ಸೋಸ್ಲಿಕತ್ಯಾಳ.
"ಇಲ್ಲ್ಯಾಕ?"
"ಗಾಳಿ ಅದ. ಈ ಕಿಟಕಿ ಏರಂಗಿಲ್ಲಲ್ಲ."
ದಂಟು ಬುಟ್ಟಿಗಿ ಒಗದು, ಮಾರಿ ಎತ್ತದೇ,
"ಖರೆ ಹೇಳ್ರಿ, ಎಷ್ಟಕ್ಕ ಬಂತು?"

ನಾ ಮುಂದಿನ ಸೀಟಿನ್ಯಾಗ ಕುಂತೆ.
ಹೆಗಲ ಮ್ಯಾಲಿನ ಟವೆಲ್ ತೆಗೆದು
ಹಿಂದಕ್ಕ ಕೈ ಚಾಚಿದೆ.