ಎರಡನೇ ಅರ್ಜಿ

ಇವರಿಂದ: ಓಬಳಮ್ಮ, ಅರ್ಜಿ ಬರೆಯುವವಳು,
ತಾಲ್ಲೂಕು ಕಚೇರಿ ಎದುರಿನ ಬೇವಿನ ಮರ, ಜಗಳೂರು.
ಇವರಿಗೆ: ಮ್ಯಾನೇಜರ್ ಸಾಹೇಬರು,
ಹೋಟೆಲ್ ಸುಪ್ರಜಾ ಗ್ರ್ಯಾಂಡ್, ಗಾಂಧಿನಗರ, ಬೆಂಗಳೂರು.

ಮಾನ್ಯರೇ,
ಇಪ್ಪತ್ತಾರು ವರ್ಷದಿಂದ ಊರವರ ಕಳವು, ಒತ್ತುವರಿ,
ಬಾರದ ಪಿಂಚಣಿ, ಸತ್ತವರ ಹೆಸರಲ್ಲೇ ಉಳಿದ ಖಾತೆ
ನನ್ನ ಕೈ ದಾಟಿಯೇ ಸರ್ಕಾರಕ್ಕೆ ಹೋಗಿವೆ.
ಹಾಳೆಯ ಎಡಕ್ಕೆ ಎರಡು ಬೆರಳು ಜಾಗ ಬಿಟ್ಟು
ಸಿಟ್ಟನ್ನು 'ತಮ್ಮ ಅವಗಾಹನೆಗೆ' ಎಂದು ತಿದ್ದಿ
ಅಳುವನ್ನು 'ಸದರಿ ವಿಷಯ' ಎಂದು ಬರೆದು
ನಲವತ್ತು ರೂಪಾಯಿ ತಗೊಂಡವಳು ನಾನು.
ನನ್ನದೇ ಒಂದು ಬರೆಯುವ ದಿನ ಬರುತ್ತೆ ಅಂತ
ಗೊತ್ತಿರಲಿಲ್ಲ.

ಸದರಿ ವಿಷಯ ಒಂದು ಮೂಗುಬಟ್ಟು.
ಜೋಳದ ಕಾಳಿನಷ್ಟು. ನಡುವೆ ಕೆಂಪು ಹರಳು.
ಸ್ಕ್ಯಾನಿಗೆ ಹೋಗುವಾಗ ಮೈಮೇಲೆ
ಲೋಹ ಇರಬಾರದು ಅಂದಿದ್ದರು ಆಸ್ಪತ್ರೆಯಲ್ಲಿ.
ಮೂವತ್ತೊಂದು ವರ್ಷ ಕೂತಿದ್ದು ಸುಮ್ಮನೆ ಬರುತ್ತದೆಯೇ,
ಕೊಬ್ಬರಿ ಎಣ್ಣೆ ಬಿಟ್ಟು, ಕಣ್ಣಲ್ಲಿ ನೀರು ತುಂಬಿ
ತಿರುಪು ಬಿಚ್ಚಿ
ನಿಮ್ಮ ಹೆಸರು ಅಚ್ಚಾದ ಕಾಗದದ ಕರ್ಚೀಫಲ್ಲಿ ಸುತ್ತಿ
೩೦೭ರ ಕನ್ನಡಿ ಕೆಳಗೆ, ಸೋಪಿನ ಪಕ್ಕ ಇಟ್ಟೆ.
ಬಂದು ನೋಡಿದರೆ
ಹೊಸ ಸೋಪು. ಹೊಸ ಕಾಗದ, ತುದಿ ಮಡಿಸಿದ್ದು.

ಕೌಂಟರಿನ ಹುಡುಗ ಲಕ್ಷಿತ್
ಮೊದಲು ಕೇಳಿದ್ದು, 'ಬೆಲೆ ಎಷ್ಟಾಗುತ್ತೆ ಆಂಟಿ?'
ಆಮೇಲೆ, 'ಬಿಲ್ ಇದೆಯಾ?'
ನಮ್ಮವ್ವ ಕರೆಯುವ ಎಮ್ಮೆ ಮಾರಿ ಮಾಡಿಸಿದ್ದು.
ಎಮ್ಮೆಯೂ ಬಿಲ್ ಕೊಡಲಿಲ್ಲ, ಅಕ್ಕಸಾಲಿಯೂ ಕೊಡಲಿಲ್ಲ.
ಕ್ಯಾಮೆರಾ ನೋಡು ಅಂದೆ.
ಮೂರನೇ ಮಹಡಿಯದು ಯುಗಾದಿಯಿಂದ ಕೆಟ್ಟಿದೆಯಂತೆ.
ಧೂಳು ಹೀರುವ ಮಷೀನಿನ ಚೀಲ ಬಿಚ್ಚಪ್ಪ ಅಂದೆ.
ಅದು ಏಜೆನ್ಸಿಯವರದು, ಮುಟ್ಟುವ ಹಾಗಿಲ್ಲವಂತೆ,
ಬೇಕಿದ್ದರೆ ಉಪ್ಪಾರಪೇಟೆ ಠಾಣೆಗೆ ಹೋಗಬಹುದಂತೆ.
ಕೊನೆಗೊಂದು ಫಾರಂ. ಎಲ್ಲಾ ಇಂಗ್ಲಿಷು.
ಒಂದೊಂದೇ ಅರ್ಥ ಕೇಳಿ ಕನ್ನಡದಲ್ಲಿ ತುಂಬಿದೆ.
'ಮಾತಾಡ್ತೀನಿ ಆಂಟಿ, ಓದಕ್ಕೆ ಬರಲ್ಲ,
ಸಿಸ್ಟಮ್ಮೂ ತಗೊಳಲ್ಲ.'

ಇನ್ನು ಮುಂದಿನದು ನನ್ನ ಮೇಲಿನ ದೂರು.
ಆ ಫಾರಂನಲ್ಲಿ ಏಳನೇ ಕಾಲಂ:
ಯಾರ ಮೇಲಾದರೂ ಅನುಮಾನವಿದೆಯೇ.
ಯಾವ ಕಾಲಮ್ಮೂ ಖಾಲಿ ಬಿಡಬಾರದು,
ಬಿಟ್ಟರೆ ಗುಮಾಸ್ತ ವಾಪಸ್ ಕಳಿಸ್ತಾನೆ,
ಇದು ನನ್ನ ಕಸುಬಿನ ಮೊದಲ ಪಾಠ.
ಬೆಳಿಗ್ಗೆ ಒಬ್ಬಳು ಹುಡುಗಿ
ಬಿಸಿನೀರು ಯಾವ ಕಡೆ ತಿರುಗಿಸಿದರೆ ಬರುತ್ತೆ ಅಂತ
ನನ್ನ ಕೈ ಹಿಡಿದು ತೋರಿಸಿದ್ದಳು.
ಹೆಸರೇನವ್ವ ಅಂತ ನಾನೇ ಕೇಳಿದ್ದೆ.
ಬರೆದೆ: ಸುಬಾಸಿ.
ಕನ್ನಡ ಓದಲು ಬಾರದವನು
ಆ ಮೂರಕ್ಷರ ಮಾತ್ರ ತಡವರಿಸದೆ ಓದಿದ.

ಸಂಜೆ ಐದಕ್ಕೆ, ನನ್ನೆದುರೇ, ಕೌಂಟರಿನ ಮೇಲೆ
ಅವಳ ಚೀಲ ಬೋರಲು ಹಾಕಿದರು.
ಬಾಚಣಿಗೆ. ಒಡಿಶಾಕ್ಕೆ ದುಡ್ಡು ಕಳಿಸಿದ ಚೀಟಿ.
ಸ್ಟೀಲ್ ಡಬ್ಬಿ. ಅದರ ಅನ್ನಕ್ಕೂ ಬೆರಳು ಹಾಕಿ ಕೆದಕಿದರು,
ಅನ್ನ, ಹಿಸುಕಿದ ಆಲೂಗಡ್ಡೆ, ಒಂದು ಹಸಿಮೆಣಸು.
ಅವಳು ಅಳಲಿಲ್ಲ. ಮುಚ್ಚಳ ಹಾಕಲು ನೋಡಿದಳು,
ಅದು ಕೂರಲಿಲ್ಲ, ಮತ್ತೆ ಒತ್ತಿದಳು.
'ಬೇಡ, ಬಿಡಿ' ಅಂದೆ ಅಂತ ಇಲ್ಲಿ ಬರೆಯಬಹುದು.
ಅಂದದ್ದು ಎಲ್ಲಾ ಮುಗಿದ ಮೇಲೆ.
ಲಕ್ಷಿತ್ ನನ್ನ ಕೈಗೊಂದು ಕೂಪನ್ನು ಇಟ್ಟ:
'ನಾಳೆ ತಿಂಡಿ ನಮ್ಮ ಕಡೆಯಿಂದ, ಆಂಟಿ.'

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ.
ಏಳನೇ ಕಾಲಂ ಹೊಡೆದುಹಾಕುವುದು,
ಪಕ್ಕದಲ್ಲಿ ಬೇಕಾದ ನನ್ನ ರುಜು ಇದರ ಜೊತೆ ಇದೆ.
ಹುಡುಗಿ ಇನ್ನೂ ಕೆಲಸದಲ್ಲಿದ್ದಾಳೋ ಇಲ್ಲವೋ
ನಾಲ್ಕು ಸಲ ಫೋನು ಮಾಡಿದೆ,
'ಯಾವ ಸುಬಾಸಿ?' ಅನ್ನುತ್ತಾರೆ.
ಅದನ್ನು ಬರವಣಿಗೆಯಲ್ಲಿ ತಿಳಿಸುವುದು.
ಮಷೀನಿನ ಚೀಲ ಯಾವತ್ತಾದರೂ ಬಿಚ್ಚುವುದು.

ಮೂಗಿನ ತೂತು ಮುಚ್ಚಿಕೊಳ್ಳದಿರಲಿ ಅಂತ
ತಲೆ ಮೇಲಿನ ಮರದ್ದೇ ಒಂದು ಕಡ್ಡಿ
ಚುಚ್ಚಿಕೊಂಡು ಕೂತು ಬರೆಯುತ್ತಿದ್ದೇನೆ.
ಉಸಿರೆಳೆದಾಗೆಲ್ಲ ಕಹಿ ಹೊಡೆಯುತ್ತದೆ.

ಇಂತಿ,
ಓಬಳಮ್ಮ

ಲಗತ್ತು: ತಿಂಡಿ ಕೂಪನ್ನು ಒಂದು, ಬಳಸದ್ದು.
ಪ್ರತಿ: ಸುಬಾಸಿ ಅವರಿಗೆ.
ವಿಳಾಸ: ಖಾಲಿ ಬಿಟ್ಟಿದೆ.